ಪೇಟಿ ಮಾಸ್ತರರ ಹೆಸರು ಕೊನೆಯ ಸಾಲಿನಲ್ಲೇಕೆ?

ಮಾಘ ಮಾಸ ಬಂತೆಂದರೆ ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಗೋಡೆಗಳಿಗೆ ನಾಟಕದ ಪೋಸ್ಟರು ಹತ್ತುತ್ತವೆ. ಎಲ್ಲಕ್ಕೂ ಮೇಲೆ ಊರ ದೇವರ ಹೆಸರು, ಅದರ ಕೆಳಗೆ ಸ್ವಾಮಿಗಳ ಆಶೀರ್ವಾದ, ಆಮೇಲೆ ಉದ್ಘಾಟನೆ ಮಾಡುವವರು, ಹಣ ಕೊಟ್ಟವರು, ಜ್ಯೋತಿ ಬೆಳಗುವವರು. ನಡುವೆ ದಪ್ಪಕ್ಷರದಲ್ಲಿ ನಾಟಕದ ಹೆಸರು, ಅದರ ಎರಡೂ ಬದಿಗೆ ಹೊರಗಿನಿಂದ ಬರುವ ಕಲಾವಿದೆಯರ ಫೋಟೊ. ಇಷ್ಟೆಲ್ಲ ಮುಗಿದು ಕಾಗದದಲ್ಲಿ ಬೆರಳಗಲ ಜಾಗ ಉಳಿದರೆ ಅಲ್ಲಿ ಇನ್ನೆರಡು ಹೆಸರು: ಹಾರ್ಮೋನಿಯಂ (ಪೇಟಿ) ಇಂಥವರು, ತಬಲಾ ಇಂಥವರು.

ಆ ಕೊನೆಯ ಸಾಲು ನನಗೆ ಚಿಕ್ಕಂದಿನಿಂದಲೂ ಒಂದು ಪ್ರಶ್ನೆ. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಆ ನಾಟಕವನ್ನು ಕೈಹಿಡಿದು ನಡೆಸುವವರು ಆ ಇಬ್ಬರೇ. ಅವರನ್ನು ಕಟ್ಟಕಡೆಗೆ ಕೂರಿಸಿದ್ದು ಜಾಗದ ಕೊರತೆಯಲ್ಲ, ಒಂದು ಅಭಿಪ್ರಾಯ. ಈ ಲೇಖನದ ತಕರಾರು ಆ ಅಭಿಪ್ರಾಯದ ಜೊತೆಗೇ.

ಆ ಅಭಿಪ್ರಾಯ ಎರಡು ಬಾಯಲ್ಲಿ ಮಾತಾಡುತ್ತದೆ. ಓದಿದವರ ಬಾಯಲ್ಲಿ ಅದು ಹೀಗಿದೆ: ಶಾಸ್ತ್ರೀಯ ಸಂಗೀತ ಧಾರವಾಡ, ಗದಗ, ಕುಂದಗೋಳ, ಮೈಸೂರುಗಳದು, ಈ ಬಯಲುಸೀಮೆಯ ತಾಲ್ಲೂಕುಗಳಲ್ಲಿ ಇರುವುದು ಜಾನಪದ ಮಾತ್ರ, ಇಲ್ಲಿ ಕಛೇರಿಯ ಋತು ಎಂಬುದೇ ಇಲ್ಲ. ಊರಿನವರ ಬಾಯಲ್ಲಿ ಹೀಗೆ: ಹಿಂದೆ ನಾಟಕ ಚೆನ್ನಾಗಿತ್ತು, ಈಗ ಕೆಟ್ಟುಹೋಗಿದೆ, ಅದರಲ್ಲಿ ಕೇಳುವಂಥದ್ದು ಏನೂ ಉಳಿದಿಲ್ಲ. ಮೊದಲನೆಯದು ನಮಗೆ ಸಂಗೀತವೇ ಇಲ್ಲ ಎನ್ನುತ್ತದೆ, ಎರಡನೆಯದು ಇದ್ದದ್ದು ಸತ್ತಿದೆ ಎನ್ನುತ್ತದೆ. ಎರಡೂ ತಪ್ಪು ಎಂದು ನಾನು ವಾದಿಸುತ್ತೇನೆ. ಹೊಸಪೇಟೆಯೊಂದನ್ನು ಬಿಟ್ಟರೆ ಇಡೀ ವಿಜಯನಗರ ಜಿಲ್ಲೆಯಾಗುವ ಈ ಐದು ತಾಲ್ಲೂಕುಗಳಲ್ಲಿ ಪ್ರತಿವರ್ಷ ಒಂದು ಸಂಗೀತ ಋತು ನಡೆಯುತ್ತದೆ. ಅದಕ್ಕೆ ಅತಿಥಿ ಗಾಯಕಿಯರಿದ್ದಾರೆ, ವಾದ್ಯವೃಂದವಿದೆ, ಚಂದಾದಾರರಿದ್ದಾರೆ, ಕಿವಿಯುಳ್ಳ ಶ್ರೋತೃಗಳಿದ್ದಾರೆ. ಇಲ್ಲದಿರುವುದು ವಿಮರ್ಶೆ ಒಂದೇ.

ಮೊದಲು ಋತು ಎಂದರೇನು ನೋಡೋಣ. ನಮ್ಮ ದೇಶದ ಪೂರ್ಣಾವಧಿ ಸಿಂಫನಿ ವಾದ್ಯವೃಂದ ಮುಂಬೈಯಲ್ಲಿದೆ. ನರೀಮನ್ ಪಾಯಿಂಟಿನ ಎನ್‌ಸಿಪಿಎ ಸಂಸ್ಥೆಯಲ್ಲಿ 2006ರಲ್ಲಿ ಹುಟ್ಟಿದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ವರ್ಷಕ್ಕೆ ಎರಡು ಋತು ನಡೆಸುತ್ತ ಬಂದಿದೆ. ಖಾಯಂ ವಾದಕರ ಜೊತೆಗೆ ಹೊರದೇಶದ ವಾದಕರು ಬಂದು ಕೂಡಿಕೊಳ್ಳುತ್ತಾರೆ. ಕೊನೆಗೆ ಅತಿಥಿ ಏಕವಾದಕ ಬರುತ್ತಾನೆ. ಪಿಯಾನೋದ ಇಲ್ಲವೇ ಪಿಟೀಲಿನ ತನ್ನ ಭಾಗ ಅವನಿಗೆ ಮೊದಲೇ ಕರಗತ. ವೃಂದದ ಜೊತೆ ಒಂದೆರಡು ತಾಲೀಮು, ಕಛೇರಿ, ಮರುದಿನ ಇನ್ನೊಂದು ಊರು. ಒಟ್ಟಾಗಿ ತಾಲೀಮು ಮಾಡಿದ ಸಮೂಹ ಒಂದು ಕಡೆ, ಒಂಟಿಯಾಗಿ ಬಂದಿಳಿಯುವ ಕಲಾವಿದ ಇನ್ನೊಂದು ಕಡೆ. ಆ ಎರಡೂ ಒಂದು ರಾತ್ರಿ ಕೂಡುವುದರಲ್ಲೇ ಆ ಋತುವಿನ ಜೀವವಿದೆ.

ಈಗ ನಮ್ಮ ಹಳ್ಳಿಗೆ ಬನ್ನಿ. ಹಿಂಗಾರಿನ ಬಿಳಿಜೋಳ ಕಾಳುಕಟ್ಟುವ ಹೊತ್ತಿಗೆ ಊರ ಹುಡುಗರು ಮತ್ತು ಹಿರಿಯರು ಕೂಡಿ ನಾಟಕ ಹಿಡಿಯುತ್ತಾರೆ. ಮನೆಮನೆಗೆ ಚಂದಾ ಪಟ್ಟಿ ಹಾಕುತ್ತಾರೆ. ಪೇಟಿ ಮಾಸ್ತರರನ್ನು ಕರೆಸಿ ಊರಲ್ಲೇ ಇರಿಸಿಕೊಳ್ಳುತ್ತಾರೆ. ಮಾಸ್ತರರ ಊಟ ದಿನಕ್ಕೊಂದು ಮನೆಯಲ್ಲಿ. ಎರಡು ಮೂರು ತಿಂಗಳು ಪ್ರತಿರಾತ್ರಿ ತಾಲೀಮು. ಹಗಲು ಕುಂಟೆ ಹೊಡೆದವನು ರಾತ್ರಿ ಭೀಮನ ಕಂದಪದ್ಯವನ್ನು ಶ್ರುತಿಗೆ ಕೂರಿಸಲು ಹೆಣಗುತ್ತಾನೆ. ಮಾಸ್ತರರು ಒಂದೊಂದೇ ಸ್ವರ ಒತ್ತಿ ಹಿಡಿದು ದನಿಯನ್ನು ಅಲ್ಲಿಗೆ ಎಳೆದು ತರುತ್ತಾರೆ. ಸ್ತ್ರೀಪಾತ್ರಗಳು ಮಾತ್ರ ಈ ತಾಲೀಮಿನಲ್ಲಿ ಇರುವುದಿಲ್ಲ. ಆ ಜಾಗದಲ್ಲಿ ಮಾಸ್ತರರೇ ದ್ರೌಪದಿಯ ಹಾಡನ್ನು ಗೊಣಗಿ ಮುಂದೆ ಸಾಗುತ್ತಾರೆ. ದ್ರೌಪದಿ ಬರುವುದು ನಾಟಕದ ದಿನ ಸಂಜೆಯ ಬಸ್ಸಿಗೆ.

ಅವಳು ಬರುವುದು ಬಹಳ ಸಲ ಮರಿಯಮ್ಮನಹಳ್ಳಿಯಿಂದ. ಹೊಸಪೇಟೆಯಿಂದ ಕೂಡ್ಲಿಗಿಗೆ ಬರುವ ಹೆದ್ದಾರಿಯ ಮೇಲಿರುವ ಈ ಊರು ತುಂಗಭದ್ರೆಯ ಹಿನ್ನೀರಿನಲ್ಲಿ ನಾರಾಯಣದೇವರಕೆರೆ ಮುಳುಗಿದ ಮೇಲೆ ಅಲ್ಲಿನ ಜನ ಬಂದು ನೆಲೆಸಿ ಬೆಳೆದದ್ದು. ಕೆ. ನಾಗರತ್ನಮ್ಮನಂಥ ವೃತ್ತಿನಟಿಯರು ಇಲ್ಲಿಯವರು. ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿ ನೆಲೆಸಿರುವುದೂ ಇಲ್ಲಿಯೇ. ಋತು ಬಂತೆಂದರೆ ಈ ಊರಿನ ಕಲಾವಿದೆಯರು ಇಂದು ಹಡಗಲಿ ಸೀಮೆ, ನಾಳೆ ಹರಪನಹಳ್ಳಿ ಸೀಮೆ, ನಾಡಿದ್ದು ಮತ್ತೆ ಕೂಡ್ಲಿಗಿ ಎಂದು ತಿರುಗುತ್ತಾರೆ. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಸರ್ಕಾರದ ಗೆರೆ ಮೂರು ಸಲ ಸರಿಯಿತು. ನಾಟಕದ ದಾರಿ ಮಾತ್ರ ಇದ್ದಲ್ಲೇ ಇತ್ತು.

ಬಂದವಳು ಮೊದಲು ಕೇಳುವುದು ಊಟವನ್ನಲ್ಲ, ಶ್ರುತಿಯನ್ನು. ಭೀಮ ಯಾವ ಮನೆಯಲ್ಲಿ ಹಾಡುತ್ತಾನೆ? ಜೋಡಿ ಹಾಡು ಎಷ್ಟಿವೆ? ಯಾವ ಪದ ಬಿಟ್ಟಿದ್ದೀರಿ? ಮನೆ ಎಂದರೆ ಷಡ್ಜವಾಗಿ ಹಿಡಿಯುವ ಪೇಟಿಯ ಕರಿ ಇಲ್ಲವೇ ಬಿಳಿ ಕೀಲಿ. ಸಾಮಾನ್ಯವಾಗಿ ಗಂಡಸಿನ ದನಿ ಕರಿ ಒಂದರ ಆಸುಪಾಸಿನದು, ಹೆಂಗಸಿನದು ಕರಿ ನಾಲ್ಕು ಇಲ್ಲವೇ ಕರಿ ಐದರದು. ಕರಿ ಒಂದನ್ನು ಷಡ್ಜವೆಂದು ಹಿಡಿದರೆ ಕರಿ ನಾಲ್ಕು ಅದರ ಪಂಚಮ. ಇಬ್ಬರೂ ಒಂದೇ ಹಾಡನ್ನು ಸಾಲು ಹಂಚಿಕೊಂಡು ಹಾಡಬೇಕಾದರೆ ಯಾರೋ ಒಬ್ಬರು ಇಳಿಯಬೇಕು, ಇಲ್ಲವೇ ಏರಬೇಕು. ಹಳ್ಳಿಯ ಭೀಮ ಮೂರು ತಿಂಗಳು ಒಂದೇ ಮನೆಯಲ್ಲಿ ಕಲಿತವನು, ಏರಿಸಿದರೆ ದನಿ ಸೀಳುತ್ತದೆ. ಆಗ ಮಾಸ್ತರರು ಕರಿ ಒಂದರ ಕಡೆಗೆ ನೋಡುತ್ತಾರೆ, ಅವಳು ಕಣ್ಣಲ್ಲೇ ಒಪ್ಪುತ್ತಾಳೆ. ತನ್ನ ದನಿಗೆ ಸಲ್ಲದ ಕೆಳಗಿನ ಸ್ವರಗಳಲ್ಲಿ ಜೋಡಿಹಾಡನ್ನು ಮುಗಿಸಿ, ತನ್ನ ಒಂಟಿ ಹಾಡು ಬಂದಾಗ ಮತ್ತೆ ಸ್ವಂತ ಮನೆಗೆ ಏರುತ್ತಾಳೆ. ಮುಂದೆ ಕೂತ ರೈತನಿಗೆ ಈ ಲೆಕ್ಕ ಗೊತ್ತಿರಲಿಕ್ಕಿಲ್ಲ. ಆದರೆ ಆ ಏರಿಕೆ ಅವನ ಎದೆಗೆ ತಟ್ಟುತ್ತದೆ, ಅವನು ಬೆನ್ನು ನೆಟ್ಟಗೆ ಮಾಡಿ ಕೂರುತ್ತಾನೆ. ಇದನ್ನು ನಾನು ಎಷ್ಟೋ ರಾತ್ರಿ ಕಂಡಿದ್ದೇನೆ.

ಒಂದೂ ತಾಲೀಮಿಲ್ಲದೆ, ಹೆಸರೂ ಗೊತ್ತಿಲ್ಲದ ಹತ್ತು ಗಂಡಸರ ನಡುವೆ, ಆ ಊರಿನವರು ಕತ್ತರಿಸಿ ಜೋಡಿಸಿಕೊಂಡ ನಾಟಕದ ಪ್ರತಿಗೆ ಹೊಂದಿಕೊಂಡು, ಏಳು ಗಂಟೆ ಕಾಲ ದನಿ ಕಾಪಾಡಿಕೊಂಡು ಹಾಡುವ ಈ ಕೆಲಸಕ್ಕೆ ಯಾವ ಊರಿನಲ್ಲಾದರೂ ಸಲ್ಲುವ ಹೆಸರು ಏಕವ್ಯಕ್ತಿ ಗಾಯನಕಲೆ ಎಂದು. ನಮ್ಮಲ್ಲಿ ಅದರ ಹೆಸರು ಪಾರ್ಟು ಮಾಡಲು ಬಂದವಳು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ರಂಗಗೀತೆ ಶಾಸ್ತ್ರೀಯ ಸಂಗೀತವೇ? ಒಂದು ಮಾತನ್ನು ಒಪ್ಪಿಕೊಂಡು ಉತ್ತರಿಸುತ್ತೇನೆ. ವಿಲಂಬಿತ ಖಯಾಲಿನಲ್ಲಿ ರಾಗ ಮೆಲ್ಲಗೆ ಒಂದೊಂದೇ ಸ್ವರವಾಗಿ ತೆರೆದುಕೊಳ್ಳುವ ಅನುಭವ ರಂಗಗೀತೆಯಲ್ಲಿ ಸಿಗುವುದಿಲ್ಲ. ಅದರ ಅಳತೆ ಬೇರೆ, ಐದಾರು ನಿಮಿಷದಲ್ಲಿ ಪಾತ್ರದ ದುಃಖವನ್ನೋ ರೋಷವನ್ನೋ ರಾಗದ ಮುಖಾಂತರ ಹೇಳಿ ಮುಗಿಸಬೇಕು. ಆದರೆ ಅಳತೆ ಚಿಕ್ಕದಾದ ಮಾತ್ರಕ್ಕೆ ವಂಶ ಬೇರೆಯಾಗುವುದಿಲ್ಲ. ನಾವು ಶಾಸ್ತ್ರೀಯದ ಶಿಖರಗಳೆಂದು ಕೈಮುಗಿಯುವವರು ರಂಗದ ಮೇಲಿಂದ ಬಂದವರು. ಮಲ್ಲಿಕಾರ್ಜುನ ಮನ್ಸೂರರು ಹುಡುಗನಾಗಿ ವಾಮನರಾವ್ ಮಾಸ್ತರರ ನಾಟಕ ಕಂಪನಿಯಲ್ಲಿ ಹಾಡಿದರು. ಬಸವರಾಜ ರಾಜಗುರು ಅದೇ ಕಂಪನಿಯಲ್ಲಿ ಬಣ್ಣ ಹಚ್ಚಿದರು. ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ಲರ ಗುರು ಕುಂದಗೋಳದ ಸವಾಯಿ ಗಂಧರ್ವರು ಮರಾಠಿ ರಂಗಭೂಮಿಯಲ್ಲಿ ಹೆಸರು ಮಾಡಿದವರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳು, ಆಮೇಲೆ ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ ಸಂಗೀತ ಕಲಿಸಿದ್ದಷ್ಟೇ ಅಲ್ಲ, ನಾಟಕ ಕಂಪನಿಯನ್ನೂ ನಡೆಸಿದರು. ಆ ಆಶ್ರಮದಲ್ಲಿ ಕಲಿತವರು ನಮ್ಮ ಸೀಮೆಯ ಜಾತ್ರೆ, ಪುರಾಣ, ನಾಟಕಗಳಲ್ಲಿ ಪೇಟಿಗೂ ತಬಲಕ್ಕೂ ಕೂತಿದ್ದಾರೆ. ಗದುಗಿನ ಸಂಗೀತ ತುಂಗಭದ್ರೆ ದಾಟಿ ನಮ್ಮಲ್ಲಿಗೆ ಬಂದದ್ದು ಸಭಾಂಗಣದ ಬಾಗಿಲಿನಿಂದಲ್ಲ, ನಾಟಕದ ಪರದೆ ಸರಿಸಿಕೊಂಡು.

ಜೊತೆಗೆ ಬಳ್ಳಾರಿಯ ಕಡೆಯಿಂದ ತೆಲುಗು ಪದ್ಯನಾಟಕದ ಗಾಳಿಯೂ ಬೀಸಿತು. ಪದ್ಯದ ಕೊನೆಯ ಅಕ್ಷರವನ್ನು ಹಿಡಿದು ರಾಗ ಎಳೆಯುವ ಚಟ ಅಲ್ಲಿಯದು. ಕಂದಗಲ್ಲ ಹನುಮಂತರಾಯರ ರಕ್ತರಾತ್ರಿಯಲ್ಲಿ ದ್ರೌಪದಿಯಾಗಿ ಸುಭದ್ರಮ್ಮ ಮನ್ಸೂರರು ಹಾಡುತ್ತಿದ್ದುದನ್ನು ಕೇಳಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಸುಭದ್ರಮ್ಮನವರು 2020ರಲ್ಲಿ ತೀರಿಕೊಂಡಾಗ ನಾವು ನಟಿಯೊಬ್ಬರನ್ನು ಕಳೆದುಕೊಂಡೆವು ಎಂದು ಬರೆದೆವು. ಗಾಯಕಿಯೊಬ್ಬರನ್ನು ಕಳೆದುಕೊಂಡೆವು ಎಂದು ಎಷ್ಟು ಮಂದಿ ಬರೆದರು?

ಎರಡನೆಯ ಆಕ್ಷೇಪ ಶ್ರೋತೃಗಳ ಮೇಲಿನದು. ಗದ್ದಲ, ಸಿಳ್ಳು, ಹಾಡಿನ ನಡುವೆ ಎದ್ದು ನಿಂತು ವನ್ಸ್‌ಮೋರ್ ಕೂಗುವುದು: ಇಂಥ ಜನರ ಮುಂದೆ ಶಾಸ್ತ್ರೀಯ ಸಂಗೀತ ಎಲ್ಲಿಂದ ನಿಲ್ಲಬೇಕು ಎನ್ನುತ್ತಾರೆ. ಉಸಿರು ಬಿಗಿಹಿಡಿದು ಕೇಳುವ ಸಭೆಯೇ ಶಾಸ್ತ್ರೀಯದ ಮೂಲ ಸಭೆ ಎಂಬ ನಂಬಿಕೆ ಇದರ ಬೇರು. ಆ ನಂಬಿಕೆ ಸಿಂಫನಿಯ ತವರಿನಲ್ಲೇ ನಿಲ್ಲುವುದಿಲ್ಲ. 1778ರಲ್ಲಿ ಪ್ಯಾರಿಸ್ಸಿನಲ್ಲಿ ತನ್ನ ಹೊಸ ಸಿಂಫನಿ ನಡೆಯುತ್ತಿರುವಾಗಲೇ ಜನ ಚಪ್ಪಾಳೆ ತಟ್ಟಿದರೆಂದು ಮೊಜಾರ್ಟ್ ತಂದೆಗೆ ಸಂತೋಷದಿಂದ ಪತ್ರ ಬರೆದ. 1813ರ ಡಿಸೆಂಬರಿನಲ್ಲಿ ವಿಯೆನ್ನಾದಲ್ಲಿ ಬೇಥೋವನ್ನನ ಏಳನೆಯ ಸಿಂಫನಿ ಮೊದಲ ಸಲ ನಡೆದಾಗ ಎರಡನೆಯ ಭಾಗವನ್ನು ಜನ ಮತ್ತೊಮ್ಮೆ ನುಡಿಸಿ ಕೇಳಿದರು. 1790ರ ದಶಕದಲ್ಲಿ ಹೈಡನ್ ಲಂಡನ್ನಿಗೆ ಹೋಗಿ ಚಂದಾ ಕಛೇರಿಗಳಲ್ಲಿ ಕೀಲಿಮಣೆ ವಾದ್ಯದ ಮುಂದೆ ಕೂತು ವೃಂದವನ್ನು ನೋಡಿಕೊಂಡ. ಚಂದಾ ಎತ್ತಿ ನಡೆಸುವ ಋತು, ಕೀಲಿಮಣೆಯಿಂದಲೇ ಎಲ್ಲರನ್ನೂ ನಡೆಸುವ ಹಿರಿಯ, ಮತ್ತೆ ಹಾಡು ಎನ್ನುವ ಸಭೆ. ಹೈಡನ್ ಬಂದು ನಮ್ಮ ನಾಟಕದ ಟೆಂಟಿನಲ್ಲಿ ಕೂತಿದ್ದರೆ ಪೇಟಿ ಮಾಸ್ತರರ ಕೆಲಸ ಅವನಿಗೆ ತಟ್ಟನೆ ಅರ್ಥವಾಗುತ್ತಿತ್ತು.

ಇನ್ನು ನಮ್ಮ ಜನಕ್ಕೆ ಮೌನ ಗೊತ್ತಿಲ್ಲ ಎನ್ನುವವರು ಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಹೋಗಬೇಕು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಕಾರ್ಣಿಕದ, ಎಂದರೆ ಭವಿಷ್ಯ ನುಡಿಯುವ, ದಿನ ಡೆಂಕನಮರಡಿಯಲ್ಲಿ ಲಕ್ಷಾಂತರ ಜನ ಸೇರಿರುತ್ತಾರೆ. ಡಮರುಗ, ಏಳುಕೋಟಿಯ ಉಗ್ಗಡ, ಮಕ್ಕಳ ಅಳು, ಪೀಪಿ, ಧೂಳು. ಗೊರವಯ್ಯ ಬಿಲ್ಲೇರಿ ಸದ್ದಲೇ ಎಂದು ಒಂದೇ ಮಾತು ಕೂಗುತ್ತಾನೆ. ಇಡೀ ಬಯಲು ಆ ಕ್ಷಣಕ್ಕೆ ನಿಶ್ಶಬ್ದವಾಗುತ್ತದೆ, ಏಕೆಂದರೆ ಬರಲಿರುವುದು ಒಂದೇ ಸಾಲಿನ ನುಡಿ, ತಪ್ಪಿದರೆ ಮತ್ತೆ ಬರುವ ವರ್ಷಕ್ಕೆ. ಯಾವಾಗ ಕೂಗಬೇಕು, ಯಾವಾಗ ಉಸಿರು ಹಿಡಿಯಬೇಕು ಎಂಬುದನ್ನು ಬಲ್ಲ ಜನ ಇವರು. ನಾಟಕದಲ್ಲಿ ವನ್ಸ್‌ಮೋರ್ ಬೀಳುವುದು ಗದ್ದಲಕ್ಕಲ್ಲ, ಹಾಡಿಗೆ. ಕಳಪೆ ಹಾಡಿಗೆ ಅದು ಬೀಳುವುದಿಲ್ಲ. ಅದು ಶ್ರೋತೃವಿನ ತೀರ್ಪು, ಸ್ಥಳದಲ್ಲೇ ಕೊಟ್ಟ ವಿಮರ್ಶೆ.

ಮೂರನೆಯ ಆಕ್ಷೇಪ ಪೇಟಿಯ ಮೇಲಿನದು. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡಿಗೆ ಬಗ್ಗದ, ಶ್ರುತಿಗಳ ಸೂಕ್ಷ್ಮ ಹಿಡಿಯದ ಪರದೇಶಿ ಪೆಟ್ಟಿಗೆ ಎಂದು ಅದನ್ನು ಜರೆಯುವುದು ಹಳೆಯ ವಾಡಿಕೆ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ಬಾನುಲಿಯಿಂದ ಹೊರಗಿಟ್ಟು ಸುಮಾರು ಮೂರು ದಶಕ ಹೊರಗೇ ಉಳಿಸಿತು. ಆ ನಿಷೇಧಕ್ಕೆ ಮುಂಚೆ ಅದರ ವಿರುದ್ಧ ಬರೆದವರಲ್ಲಿ ದೆಹಲಿ ಕೇಂದ್ರದಲ್ಲಿ ಪಾಶ್ಚಾತ್ಯ ಸಂಗೀತ ನೋಡಿಕೊಳ್ಳುತ್ತಿದ್ದ ಇಂಗ್ಲಿಷ್ ಸಂಯೋಜಕ ಜಾನ್ ಫೌಲ್ಡ್ಸ್ ಕೂಡ ಒಬ್ಬ. ಮೀಂಡಿನ ಆಕ್ಷೇಪ ಸುಳ್ಳಲ್ಲ. ಆದರೆ ಆ ಮೂವತ್ತು ವರ್ಷ ನಮ್ಮ ಹಳ್ಳಿಗಳಲ್ಲಿ ಸ್ವರ ಎಂದರೇನೆಂದು ಕಲಿಸಿದ್ದು ಅದೇ ಪೆಟ್ಟಿಗೆ. ಹೊಲದಲ್ಲಿ ದುಡಿದು ಬಂದ ಗಂಟಲಿಗೆ ತಂಬೂರಿಯ ನಾದ ಹಿಡಿದು ನಿಲ್ಲಲು ವರ್ಷಗಳು ಬೇಕು. ಪೇಟಿ ಅವನಿಗೆ ಮೂರೇ ತಿಂಗಳಲ್ಲಿ ನಿಲ್ಲಲು ನೆಲ ಕೊಡುತ್ತದೆ. ಬೆಳಗಾವಿಯ ರಾಂಭಾವು ಬಿಜಾಪುರೆಯವರಂಥ ದೊಡ್ಡ ವಾದಕರು ನಾಟಕ ಕಂಪನಿಯಲ್ಲಿ ನುಡಿಸಿಯೇ ಕೈ ಪಳಗಿಸಿಕೊಂಡರು. ವಾದ್ಯದ ಮಿತಿ ಏನೆಂದು ಪೇಟಿ ಮಾಸ್ತರರಿಗೆ ನಮಗಿಂತ ಚೆನ್ನಾಗಿ ಗೊತ್ತು. ಗಾಯಕಿಯ ದನಿ ಜಾರುವಲ್ಲಿ ಅವರು ಬೆರಳೆತ್ತಿ ಬರಿಯ ಷಡ್ಜ ಹಿಡಿದು ಅವಳಿಗೆ ದಾರಿ ಬಿಡುತ್ತಾರೆ. ಅದನ್ನು ಕೇಳಿಸಿಕೊಂಡವರು ಪೆಟ್ಟಿಗೆಯನ್ನು ಬೈಯುವುದಿಲ್ಲ.

ಇನ್ನು ಊರಿನವರ ಮಾತು: ನಾಟಕ ಕೆಟ್ಟುಹೋಗಿದೆ. ಕೆಟ್ಟದ್ದು ಇದೆ, ಮುಚ್ಚಿಡುವುದಿಲ್ಲ. ತಬಲಾದ ಪಕ್ಕದಲ್ಲಿ ರಿದಂ ಪ್ಯಾಡ್ ಬಂದು ಕೂತಿದೆ. ಅದು ಬಡಿಯತೊಡಗಿದರೆ ದೀಪಚಂದಿ ತಾಳದ ಸೂಕ್ಷ್ಮ ಸತ್ತುಹೋಗುತ್ತದೆ. ಮೈಕಿನವನು ಎಕೋ ಏರಿಸಿದರೆ ಒಂದು ಸ್ವರ ಮುಗಿಯುವ ಮೊದಲೇ ಇನ್ನೊಂದು ಅದರ ಮೇಲೆ ಬೀಳುತ್ತದೆ, ರಾಗ ಕಲಸಿಹೋಗುತ್ತದೆ. ಸಾಮಾಜಿಕ ನಾಟಕಗಳಲ್ಲಿ ದೃಶ್ಯಕ್ಕೂ ಹಾಡಿಗೂ ಸಂಬಂಧವಿಲ್ಲದ ಸಿನಿಮಾ ಹಾಡುಗಳು ನುಗ್ಗಿವೆ. ಎಲ್ಲಕ್ಕಿಂತ ಹೀನವಾದದ್ದು, ನೋಟು ಕೊಡುವ ನೆಪದಲ್ಲಿ ರಂಗವೇರಿ ಕಲಾವಿದೆಯ ಕೈ ಹಿಡಿಯುವವರು. ಹಾಡಿನ ನಡುವೆ ಅವಳು ನಕ್ಕು ಹಿಂದೆ ಸರಿಯುತ್ತಾಳೆ, ಹಾಡು ಬಿಡುವುದಿಲ್ಲ. ಆ ನಗುವಿನ ಹಿಂದಿನ ಕಷ್ಟ ಏನೆಂದು ನಾವು ಗಂಡಸರು ಕೇಳಿಕೊಳ್ಳಬೇಕು.

ಆದರೆ ಈ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಇದರಲ್ಲಿ ಯಾವುದೂ ಕಲೆ ಸತ್ತಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಎಲ್ಲವೂ ಸುತ್ತಲಿನವರ ತಪ್ಪು. ಎಕೋ ಇಳಿಸಬಹುದು, ಪ್ಯಾಡ್ ತೆಗೆಯಬಹುದು, ರಂಗಕ್ಕೆ ಹತ್ತುವವರನ್ನು ತಡೆಯಬಹುದು. ಹೋದ ಋತುವಿನಲ್ಲಿ ಹಡಗಲಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪೌರಾಣಿಕ ನಾಟಕ ನೋಡುತ್ತ ನಾನು ನೋಟ್‌ಬುಕ್ಕು ಹಿಡಿದು ಕೂತೆ, ಕಛೇರಿಯಲ್ಲಿ ಕೂರುವ ಹಾಗೆ. ನಾಂದಿ ಭೂಪದಲ್ಲಿ ಬಂತು. ಹನ್ನೊಂದರ ಸುಮಾರಿಗೆ ಯಮನ್, ತೀವ್ರ ಮಧ್ಯಮ ಕಚ್ಚಿಕೊಂಡಂತೆ ನಿಂತಿತ್ತು. ನಡುರಾತ್ರಿ ದಾಟಿದ ಮೇಲೆ ಕಲಾವಿದೆ ಭೀಮಪಲಾಸಿಯಲ್ಲಿ ಒಂದು ಜೋಡಿಹಾಡು ಎತ್ತಿಕೊಂಡು ಎರಡನೆಯ ಸಾಲಿನಲ್ಲಿ ನಿಷಾದದ ಮೇಲೆ ತಂಗಿದಾಗ ಹಿಂದಿನ ಸಾಲಿನ ಮುದುಕರೊಬ್ಬರು ಹ್ಞಾಂ ಎಂದರು. ಹೊತ್ತಿನ ರಾಗ ಅಲ್ಲ ಅದು, ಶಾಸ್ತ್ರಿಗಳು ತಪ್ಪು ಹಿಡಿದಾರು. ಆದರೆ ಆ ದುಃಖಕ್ಕೆ ಅದೇ ಬೇಕಿತ್ತು. ನಾಲ್ಕೂವರೆಗೆ ಭೈರವಿ. ದನಿ ಒಡೆದಿತ್ತು, ಶ್ರುತಿ ಒಡೆದಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಅಷ್ಟೇ ಖಂಡಿತವಾಗಿ ದೋಷಗಳನ್ನೂ ಬರೆದೆ: ಭೀಮನ ಎರಡು ಕಂದಗಳು ಶ್ರುತಿ ಬಿಟ್ಟವು, ತಬಲಾ ಒಂದು ಕಡೆ ಲಯ ಓಡಿಸಿತು. ಗುಣವನ್ನೂ ದೋಷವನ್ನೂ ಹೀಗೆ ಹೆಸರಿಟ್ಟು ಹೇಳಬಹುದಾದ ಕಲೆ ಸತ್ತ ಕಲೆಯಲ್ಲ.

ನಾಡಿನ ಇನ್ನೊಂದು ನೆನಪನ್ನು ಇಲ್ಲಿ ತರಬೇಕು. ಮೈಸೂರಿನ ಜಯಚಾಮರಾಜ ಒಡೆಯರು ರಷ್ಯದ ಸಂಯೋಜಕ ಮೆಟ್ನರನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. ಲಂಡನ್ನಿನ ಫಿಲ್‌ಹಾರ್ಮೋನಿಯಾ ವೃಂದಕ್ಕೆ ಆಸರೆಯಾದರು. 1950ರ ಮೇ ತಿಂಗಳಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳನ್ನು ಕರ್ಸ್ಟನ್ ಫ್ಲಾಗ್‌ಸ್ಟಾಡ್ ಮೊದಲ ಸಲ ಹಾಡಿದ ಕಛೇರಿಗೂ ಅವರದೇ ಒತ್ತಾಸೆ. ಕನ್ನಡ ನಾಡಿನ ಹೆಮ್ಮೆ ಅದು. ಆಗ ನಮ್ಮ ತಾಲ್ಲೂಕುಗಳು ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಅರಮನೆಯ ಆಸರೆ ನಮಗೆ ಇರಲಿಲ್ಲ. ಇದ್ದದ್ದು ಪಟ್ಟಿ: ಒಬ್ಬರ ಮನೆಯ ಸೇರು ಜೋಳ, ಇನ್ನೊಬ್ಬರ ಹತ್ತು ರೂಪಾಯಿ. ಅರಮನೆಯ ಖಜಾನೆ ಒಂದು ದಿನ ಬರಿದಾಗಬಹುದು. ಪಟ್ಟಿ ಬರಗಾಲದ ವರ್ಷ ನಿಂತು ಮಳೆಯಾದ ವರ್ಷ ಮತ್ತೆ ಚಿಗುರುತ್ತದೆ. ಯಾರ ಅನುದಾನವನ್ನೂ ಕಾಯದೆ ಇಷ್ಟು ವರ್ಷ ನಡೆದ ಸಂಗೀತ ಋತು ನಮ್ಮದು.

ಹಡಗಲಿಯ ಎಂ.ಪಿ. ಪ್ರಕಾಶ್ ರಂಗಭಾರತಿ ಕಟ್ಟಿದಾಗ ಸಣ್ಣ ಊರಿನಲ್ಲಿ ಗಂಭೀರ ರಂಗಭೂಮಿ ನಿಲ್ಲುತ್ತದೆ ಎಂದು ತೋರಿಸಿದರು. ಅವರ ಕಾಲದಿಂದ ಹಂಪಿ ಉತ್ಸವದ ವೇದಿಕೆಗೆ ದೇಶದ ದೊಡ್ಡ ಕಲಾವಿದರು ಬಂದರು. ಬರಲಿ. ಆದರೆ ಉತ್ಸವದ ಆ ಕೆಲವು ರಾತ್ರಿಗಳನ್ನೇ ಜಿಲ್ಲೆಯ ಸಂಗೀತವೆಂದು ಬರೆದು, ಯುಗಾದಿಯ ಆಚೆಗೂ ನಡೆಯುವ ಹಳ್ಳಿಗಳ ಋತುವಿನ ಬಗ್ಗೆ ಒಂದು ಸಾಲೂ ಬರೆಯದ ಪತ್ರಿಕೋದ್ಯಮವನ್ನು ನಾನು ಒಪ್ಪುವುದಿಲ್ಲ. ವಿಮರ್ಶೆ ಇಲ್ಲದ ಕಡೆ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಒಂದೇ ಬೆಲೆ. ಶ್ರುತಿ ಕಾಪಾಡಿಕೊಂಡ ಗಾಯಕಿಗೂ ಎಕೋದ ಹಿಂದೆ ಅಡಗಿದವಳಿಗೂ ಅದೇ ಸಂಭಾವನೆ, ಅದೇ ಬೆಳಗಿನ ಬಸ್ಸು. ಹೀಗಿರುವಾಗ ರಿಯಾಜು ಮಾಡು ಎಂದು ಮುಂದಿನ ಹುಡುಗಿಗೆ ಯಾವ ಬಾಯಿಂದ ಹೇಳುವುದು?

ನಾನು ಕೇಳುವುದು ದೊಡ್ಡದಲ್ಲ. ನಾಟಕ ಹಿಡಿಯುವ ಊರಿನವರು ಪೋಸ್ಟರಿನಲ್ಲಿ ನಾಟಕದ ಹೆಸರಿನ ಕೆಳಗೇ ಪೇಟಿ ಮಾಸ್ತರರ, ತಬಲಾದವರ ಹೆಸರು ಹಾಕಲಿ. ಕಲಾವಿದೆ ಸಂಜೆಗಲ್ಲ, ಮಧ್ಯಾಹ್ನಕ್ಕೇ ಬರುವಂತೆ ಕರೆಸಿ ಜೋಡಿಹಾಡುಗಳ ಒಂದು ತಾಲೀಮು ಮಾಡಿಸಲಿ, ಆ ಅರ್ಧ ದಿನದ ಕೂಲಿ ಕೊಡಲಿ. ನೋಟು ಕೊಡುವವರು ಕೆಳಗಿನಿಂದಲೇ ಕೊಡಲಿ. ತಾಲ್ಲೂಕಿನ ವರದಿಗಾರರು ಜ್ಯೋತಿ ಬೆಳಗಿದವರ ಪಟ್ಟಿ ಬರೆದು ಹತ್ತೂವರೆಗೆ ಎದ್ದು ಹೋಗದೆ, ಭೈರವಿಯವರೆಗೆ ಕೂತು, ಯಾರು ಹೇಗೆ ಹಾಡಿದರೆಂದು ನಾಲ್ಕು ಸಾಲು ಬರೆಯಲಿ.

ಆ ರಾತ್ರಿ ಮಂಗಳ ಮುಗಿದ ಮೇಲೆ ನಾನು ಪೇಟಿ ಮಾಸ್ತರರ ಹತ್ತಿರ ಹೋಗಿ ನೋಟ್‌ಬುಕ್ಕು ತೋರಿಸಿದೆ. ಅವರು ಭಾತೆ ಮುಚ್ಚಿ ಕೊಂಡಿ ಹಾಕುತ್ತಿದ್ದವರು ಕನ್ನಡಕ ಏರಿಸಿ ನಿಧಾನ ಓದಿದರು. ಭೀಮನ ಕಂದ ಶ್ರುತಿ ಬಿಟ್ಟಿತೆಂದು ಬರೆದ ಕಡೆ ತಲೆಯಾಡಿಸಿದರು. ಭೀಮಪಲಾಸಿಯ ಸಾಲಿಗೆ ಬಂದಾಗ, ಕಲಾವಿದೆಯನ್ನು ಕೂಗಿ ಕರೆದರು. ಬಣ್ಣ ಅರ್ಧ ಒರೆಸಿಕೊಂಡಿದ್ದ ಅವಳು ಬಂದು ನಿಂತಳು. ನಿನ್ನ ಹಾಡು ಕೇಳಿದಾರವ್ವ ಇವರು, ನಿಷಾದ ಹಿಡಿದದ್ದನ್ನ ಬರಕೊಂಡಾರ ನೋಡು ಎಂದರು. ಇಪ್ಪತ್ತು ವರ್ಷದಿಂದ ಹಾಡುತ್ತಿದ್ದೇನೆ, ಫೋಟೊ ತಗಂಡಾರ, ಬರಕೊಂಡಿದ್ದು ಇದೇ ಮೊದಲು ಎಂದಳು ಅವಳು. ಆರು ಗಂಟೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಮಾಸ್ತರರು ಹಾಕಿದ ಕೊಂಡಿ ಮತ್ತೆ ತೆಗೆದರು. ಆ ಎರಡನೆಯ ಸಾಲನ್ನು ಅವಳು ಇನ್ನೊಮ್ಮೆ ಹಾಡಿದಳು, ಈ ಸಲ ಕರಿ ನಾಲ್ಕರಲ್ಲಿ, ತನ್ನ ಸ್ವಂತ ಮನೆಯಲ್ಲಿ.